ಇಪ್ಪತ್ತನೆಯ ಹಾಳೆ: ರಾಂದ್ರ್

ಒಂದು ಕ್ರಿಯಾಪದಕ್ಕೆ ಒಂದು ಹಾಳೆ. ಮೇಲೆ ಪದ, ಅದರ ಕೆಳಗೆ ಕನ್ನಡದಲ್ಲಿ ಅರ್ಥ, ಆಮೇಲೆ ಅದು ಎಲ್ಲಿಂದ ಬಂತು ಎಂಬ ನಾಲ್ಕು ಸಾಲು, ಬಲಗಡೆ ರೂಪಗಳ ಪಟ್ಟಿ, ಕೊನೆಗೆ ಆರು ಉದಾಹರಣೆ ವಾಕ್ಯ, ಪ್ರತಿಯೊಂದಕ್ಕೂ ಪಕ್ಕದಲ್ಲಿ ಕನ್ನಡ. ಕಲಬುರಗಿಯ ಪ್ರಕಾಶಕರು ಕೇಳಿದ್ದು ಇಷ್ಟು. ಕನ್ನಡದ ಮೂಲಕ ಫ್ರೆಂಚ್ ಕಲಿಯುವವರಿಗೆ ನೂರೈವತ್ತು ಕ್ರಿಯಾಪದಗಳ ಒಂದು ಕೈಪಿಡಿ. ಮೊದಲು ಇಪ್ಪತ್ತು ಹಾಳೆ ಮಾದರಿಗೆ ಬರೆದುಕೊಡಬೇಕು, ಫ್ರೆಂಚ್ ಮನೆಮಾತಿನವರೊಬ್ಬರು ನೋಡಿ ಒಪ್ಪಬೇಕು. ಇಪ್ಪತ್ತೂ ಪಾಸಾದರೆ ಪುಸ್ತಕ ನನ್ನದು. ಇಲ್ಲದಿದ್ದರೆ ಧಾರವಾಡದಲ್ಲಿ ಒಬ್ಬ ನಿವೃತ್ತ ಪ್ರಾಧ್ಯಾಪಕರು ತುದಿಗಾಲಲ್ಲಿ ನಿಂತಿದ್ದಾರೆ ಎಂದು ಪ್ರಕಾಶಕರು ಫೋನಿನಲ್ಲಿ ಎರಡು ಸಲ ಹೇಳಿದರು. ಎರಡನೆಯ ಸಲ ಅಗತ್ಯವಿರಲಿಲ್ಲ.

ನಾನು ಶಹಾಪುರದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ಫ್ರೆಂಚ್ ಕಲಿತದ್ದು ಹಟಕ್ಕೆ ಬಿದ್ದು. ಶನಿವಾರ ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಹತ್ತಿ ಹೈದರಾಬಾದಿನ ತರಗತಿಗೆ ಹೋಗಿ, ಭಾನುವಾರ ಸಂಜೆ ತಿರುಗಿ ಬಂದು, ಹೀಗೆ ನಾಲ್ಕು ವರ್ಷ. ಯಾದಗಿರಿ, ಶಹಾಪುರ, ಸುರಪುರ ಈ ಮೂರು ಊರಲ್ಲಿ ಫ್ರೆಂಚ್ ಬಲ್ಲವರು ಇನ್ನೊಬ್ಬರಿಲ್ಲ ಎಂಬುದು ನನ್ನ ಗುಟ್ಟಾದ ಹೆಮ್ಮೆ. ಗುಟ್ಟೇನು ಬಂತು, ಸ್ಟಾಫ್ ರೂಮಿನಲ್ಲಿ ನನ್ನನ್ನು ಫ್ರೆಂಚ್ ಮೇಡಂ ಎಂದೇ ಕರೆಯುತ್ತಿದ್ದರು. ಕೆಲವರು ಗೇಲಿಗೆ ಕರೆದರೂ ನಾನು ಬಿರುದು ಎಂದೇ ತಿಳಿದಿದ್ದೆ. ಪುಸ್ತಕದ ಮಾತು ಬಂದ ದಿನವೇ ಮುಖಪುಟ ನನ್ನ ಕಣ್ಣಿಗೆ ಕಟ್ಟಿತ್ತು. ಅದರ ಮೇಲೆ ನನ್ನ ಹೆಸರು, ಅದೊಂದೇ ಹೆಸರು. ಅಕ್ಷರ ಎಷ್ಟು ದೊಡ್ಡದಿರಬೇಕು ಎಂಬುದನ್ನೂ ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಿದ್ದೆ.

ಹಾಳೆ ನೋಡಲು ಸಿಕ್ಕವರು ಪ್ರತಿ ಚಳಿಗಾಲ ವನದುರ್ಗಕ್ಕೆ ಬಂದು ಇಳಿಯುವ ಒಬ್ಬ ಫ್ರೆಂಚ್ ಸಂಶೋಧಕಿ. ಹಳೆಯ ಕೋಟೆಗಳಲ್ಲಿ ನೀರನ್ನು ಹೇಗೆ ಹಿಡಿದಿಡುತ್ತಿದ್ದರು ಎಂಬುದು ಅವರ ಅಧ್ಯಯನ. ಕೋಟೆಗೋಡೆಯ ಬುಡದಲ್ಲಿ ಒಂದು ಮನೆ ಬಾಡಿಗೆ ಹಿಡಿದಿದ್ದರು. ಭಾನುವಾರ ಬಿಡುವು, ಬನ್ನಿ ಎಂದಿದ್ದರು.

ಮೊದಲ ಭಾನುವಾರ ಬಸ್ಸಿನಲ್ಲಿ ಕುಳಿತು ನಾಲ್ಕು ವಾಕ್ಯ ಬಾಯಿಪಾಠ ಮಾಡಿದೆ. ನಾನು ಯಾರು, ಏಕೆ ಬಂದೆ, ನಿಮ್ಮನ್ನು ಕಂಡು ಸಂತೋಷವಾಯಿತು, ನಿಮ್ಮ ಸಮಯಕ್ಕೆ ಕೃತಜ್ಞಳು. ಮನೆಯ ಪಡಸಾಲೆಯಲ್ಲಿ ಅವರೆದುರು ನಾಲ್ಕನ್ನೂ ಒಂದೂ ತಪ್ಪಿಲ್ಲದೆ ಒಪ್ಪಿಸಿದೆ. ಅವರು ಮುಖ ಅರಳಿಸಿ ಏನೋ ಹೇಳಿದರು. ಮೊದಲ ಪದ ಕೇಳಿಸಿತು, ಕೊನೆಯ ಪದ ಕೇಳಿಸಿತು. ನಡುವಿನದು ಗಿರಣಿಯಲ್ಲಿ ಹಿಟ್ಟು ಬಿದ್ದ ಹಾಗೆ ಬಿದ್ದುಹೋಯಿತು. ನಾನು ನಕ್ಕು ‘ವಿ’ ಎಂದೆ. ವಿ ಅಂದರೆ ಹೌದು.

ಆಗ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ನಿಂತಿತು. ಒಂದು ಹೆಣ್ಣುದನಿ ಕೇಳಿತು.

“ಅಕ್ಕೋರ, ಚಾಕ್ಕ ಸಕ್ಕರಿ ಹಾಕ್ಲೋ ಬ್ಯಾಡೋ ಅಂತ ಕೇಳಾಕತ್ತಾರ ಅವ್ರು. ನೀವು ಹೌದಂದ್ರಿ. ಹೌದಂದ್ರ ಹಾಕೂದೋ ಬಿಡೂದೋ?”

ಅವಳೇ ಅಡುಗೆಯವಳು. ಸುರಪುರ ತಾಲ್ಲೂಕಿನ ಹೊಳೆದಂಡೆಯ ಹಳ್ಳಿಯವಳು, ಗಂಡ ಕೃಷ್ಣೆಯಲ್ಲಿ ಮೀನು ಹಿಡಿಯುತ್ತಾನೆ. ಏಳು ಚಳಿಗಾಲ ಈ ಸಂಶೋಧಕಿಗೂ ಅವರ ಜೊತೆ ಬರುವವರಿಗೂ ರೊಟ್ಟಿ ಬಡಿದು ಹಾಕಿದ್ದಾಳೆ. ಹಾಕುತ್ತ ಹಾಕುತ್ತ ಫ್ರೆಂಚ್ ಕಲಿತಿದ್ದಾಳೆ. ಕನ್ನಡ ನಾಲ್ಕನೆಯ ಇಯತ್ತೆಯವರೆಗೆ ಓದಿದ್ದು, ಫ್ರೆಂಚಿನ ಒಂದಕ್ಷರ ಓದಲು ಬಾರದು. ಆದರೆ ಸಂಶೋಧಕಿ ಒಲೆಯ ಹತ್ತಿರ ಹೋಗಿ ಮಾತಿಗೆ ನಿಂತರೆ ಇಬ್ಬರದೂ ಬಾಯಿ ನಿಲ್ಲುತ್ತಿರಲಿಲ್ಲ. ಇವಳ ಫ್ರೆಂಚಿನಲ್ಲಿ ಗಂಡು ಪದ ಹೆಣ್ಣು ಪದ ಎಲ್ಲ ಕಲಸುಮೇಲೋಗರ. ನಾನು ಎಣಿಸುತ್ತ ಕುಳಿತೆ, ಹತ್ತು ನಿಮಿಷದಲ್ಲಿ ಹನ್ನೆರಡು ತಪ್ಪು. ಸಂಶೋಧಕಿ ಒಂದನ್ನೂ ತಿದ್ದಲಿಲ್ಲ, ನಗುತ್ತಿದ್ದರು. ನನ್ನ ಒಂದೇ ಒಂದು ತಪ್ಪನ್ನು ಮಾತ್ರ ಸೌಜನ್ಯದಿಂದ ತಿದ್ದಿದರು. ಕೊನೆಗೆ ನಾವಿಬ್ಬರೂ ಇಂಗ್ಲಿಷಿಗೆ ಇಳಿದೆವು. ಫ್ರೆಂಚ್ ಮೇಡಂ ಫ್ರೆಂಚ್ ಹೆಂಗಸಿನ ಜೊತೆ ಇಂಗ್ಲಿಷ್ ಮಾತಾಡುತ್ತಿದ್ದಾಳೆ, ಒಳಗೆ ರೊಟ್ಟಿ ಬಡಿಯುವವಳು ಫ್ರೆಂಚಿನಲ್ಲಿ ಹಾಸ್ಯ ಮಾಡುತ್ತಿದ್ದಾಳೆ. ನನಗೆ ಹೊಟ್ಟೆ ಉರಿಯಿತು. ಇದನ್ನು ಬೇರೆ ಯಾವ ಸಭ್ಯ ಪದದಲ್ಲೂ ಹೇಳಲು ಬಾರದು.

ಸಂಶೋಧಕಿಗೆ ಕನ್ನಡ ಬಾರದ್ದರಿಂದ ಹಾಳೆ ನೋಡಲು ಅವರೇ ಒಂದು ಕ್ರಮ ಹಾಕಿಕೊಂಡರು. ನಾನು ಕನ್ನಡ ವಾಕ್ಯವನ್ನು ಗಟ್ಟಿಯಾಗಿ ಓದಬೇಕು. ಅಡುಗೆಯವಳು ಕೇಳಿ, ತನಗೆ ತಿಳಿದ ಹಾಗೆ ಫ್ರೆಂಚಿನಲ್ಲಿ ಹೇಳಬೇಕು. ಅದನ್ನು ಸಂಶೋಧಕಿ ನನ್ನ ಹಾಳೆಯ ಫ್ರೆಂಚ್ ವಾಕ್ಯದ ಜೊತೆ ಇಟ್ಟು ನೋಡುತ್ತಾರೆ. ಎರಡೂ ಒಂದೇ ಮಾತನ್ನು ಹೇಳುತ್ತಿದ್ದರೆ ಪಕ್ಕದಲ್ಲಿ ಒಂದು ಗೀಟು. ಕ್ರಮ ಸರಿಯಾದದ್ದೇ, ಅದನ್ನು ಅಲ್ಲಗಳೆಯಲು ನನ್ನಲ್ಲಿ ಯಾವ ವಾದವೂ ಇರಲಿಲ್ಲ. ಆದರೆ ನಾಲ್ಕು ವರ್ಷ ರೈಲು ತಿರುಗಿದವಳ ಹಾಳೆಯನ್ನು ಹಿಟ್ಟಿನ ಕೈಯವಳೊಬ್ಬಳು ತೂಗುವುದು ನನಗೆ ನುಂಗಲಾರದ ತುತ್ತಾಯಿತು. ಅವಳಿಗೇನೂ ಹಾಗನ್ನಿಸಿದಂತಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಹೊಸ್ತಿಲ ಮೇಲೆ ಕುಳಿತು, “ಹೂಂ, ಓದ್ರಿ ಅಕ್ಕೋರ” ಎನ್ನುತ್ತಿದ್ದಳು.

ಮೂರು ಭಾನುವಾರಗಳಲ್ಲಿ ಹತ್ತೊಂಬತ್ತು ಹಾಳೆ ಪಾಸಾದವು. ಹೋಗು, ಬಾ, ತಿನ್ನು, ನೋಡು ಇಂಥ ದಿನಬಳಕೆಯ ಕ್ರಿಯಾಪದಗಳು. ಇಪ್ಪತ್ತನೆಯದು ರಾಂದ್ರ್.

ಈ ರಾಂದ್ರ್ ನನ್ನ ಮುದ್ದಿನ ಪದ. ಅದರ ಹಾಳೆಯನ್ನು ಎಲ್ಲಕ್ಕಿಂತ ಚೆನ್ನಾಗಿ ಬರೆದಿದ್ದೇನೆಂದು ನಂಬಿದ್ದೆ. ಮೊದಲ ಅರ್ಥ, ಪಡೆದದ್ದನ್ನು ಮರಳಿ ಕೊಡುವುದು. ಲ್ಯಾಟಿನ್‌ನಲ್ಲಿ ಇದು ‘ರೆದ್ದೆರೆ’ ಆಗಿತ್ತು. ‘ರೆ’ ಅಂದರೆ ಮರಳಿ, ‘ದರೆ’ ಅಂದರೆ ಕೊಡು. ಜನರ ಬಾಯಲ್ಲಿ ಅದು ‘ರೆಂದೆರೆ’ ಆಯಿತು. ನಡುವೆ ಆ ‘ನ’ಕಾರ ಹೇಗೆ ಸೇರಿತು ಎಂದರೆ, ‘ತೆಗೆದುಕೋ’ ಎಂಬ ಅರ್ಥದ ‘ಪ್ರೆಂದೆರೆ’ ಪಕ್ಕದಲ್ಲೇ ಇತ್ತು, ಅದರ ನಾದ ಇದಕ್ಕೂ ಹತ್ತಿತು. ರೂಪಗಳ ಪಟ್ಟಿ ಸುಲಭ. ನಾನು ಕೊಡುತ್ತೇನೆ, ಜ ರಾಂ. ನೀನು, ತ್ಯು ರಾಂ. ಅವನು, ಇಲ್ ರಾಂ. ಬರೆಯುವಾಗ ಮೂರರಲ್ಲೂ ‘ದ’ ಉಂಟು, ಆಡುವಾಗ ಇಲ್ಲ. ನಾವು, ನು ರಾಂದೊಂ. ನೀವು, ವು ರಾಂದೆ. ಅವರು, ಇಲ್ ರಾಂದ್. ಒಬ್ಬರಿದ್ದಾಗ ಸುಮ್ಮನಿರುವ ದಕಾರ ಹಲವರಾದೊಡನೆ ಕೇಳಿಸುತ್ತದೆ. ಭೂತಕಾಲಕ್ಕೆ, ಜೆ ರಾಂದ್ಯು, ಕೊಟ್ಟಿದ್ದೇನೆ. ಇದೇ ಅಚ್ಚಿನಲ್ಲಿ ಇನ್ನೂ ಹಲವು ಕ್ರಿಯಾಪದಗಳು ನಡೆಯುತ್ತವೆ, ಆದ್ದರಿಂದ ಕಲಿಯುವವರಿಗೆ ಇದು ಮುಖ್ಯ.

ಆರು ವಾಕ್ಯ ಓದಿದೆ. “ಸಾಮಂತನು ಕೋಟೆಯನ್ನು ಪ್ರತ್ಯರ್ಪಿಸಿದನು” ಎಂಬುದು ಮೊದಲನೆಯದು. ಕೋಟೆಯ ಬುಡದಲ್ಲಿ ಕುಳಿತಿದ್ದೇವಲ್ಲ, ಸಂದರ್ಭಕ್ಕೆ ಒಪ್ಪುತ್ತದೆ ಎಂದುಕೊಂಡಿದ್ದೆ.

“ಪ್ರತ್ಯರ್... ಅಂದ್ರೇನ್ರಿ?”

“ವಾಪಸ್ ಕೊಡೂದು.”

“ಹಂಗಂತ ಬರೀರಲ್ಲ ಮತ್ತ.”

ಐದನೆಯದು ರಾಂದ್ರ್‌ನ ಇನ್ನೊಂದು ಬಳಕೆಯದು. ಈ ಪದದ ಮುಂದೆ ಒಂದು ಗುಣವಾಚಕ ಇಟ್ಟರೆ, ಒಬ್ಬರನ್ನು ಹಾಗೆ ಮಾಡುವುದು ಎಂಬ ಅರ್ಥ ಬರುತ್ತದೆ. ನನ್ನ ಕನ್ನಡ ಹೀಗಿತ್ತು: “ಈ ತಾಪವು ನನ್ನನ್ನು ಹುಚ್ಚಳನ್ನಾಗಿ ಪರಿವರ್ತಿಸುತ್ತದೆ.” ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆಮೇಲೆ ಸಂಶೋಧಕಿಯ ಕಡೆ ತಿರುಗಿ ಏನೋ ಹೇಳಿದಳು, ಅವರೂ ನಕ್ಕರು. ಏನು ಹೇಳಿದಳೆಂದು ನನಗೆ ತಿಳಿಯಲಿಲ್ಲ. ತಿಳಿಯದ ನಗೆಯಷ್ಟು ಚುಚ್ಚುವುದು ಇನ್ನೊಂದಿಲ್ಲ. ಆರರಲ್ಲಿ ಐದಕ್ಕೆ ಗೀಟು ಬೀಳಲಿಲ್ಲ. ಫ್ರೆಂಚ್ ತಪ್ಪಿಲ್ಲ, ಆದರೆ ಈ ಕನ್ನಡ ಕೇಳಿದವರು ಈ ಫ್ರೆಂಚಿಗೆ ಬಂದು ಮುಟ್ಟುವುದಿಲ್ಲ ಎಂದು ಸಂಶೋಧಕಿ ಹಾಳೆಯನ್ನು ನನ್ನ ಕಡೆ ಸರಿಸಿದರು.

ಆ ವಾರವೇ ಎಳ್ಳಮಾವಾಸ್ಯೆ ಇತ್ತು. ನಾನು ಹೊರಟು ನಿಂತಾಗ ಅಡುಗೆಯವಳು ಒಂದು ಸ್ಟೀಲ್ ಡಬ್ಬಿ ತಂದು ಕೈಗಿಟ್ಟಳು. ಭಜ್ಜಿ, ಮೇಲೆ ನಾಲ್ಕು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ.

“ಹಬ್ಬದ್ದು ಮೊದ್ಲಽ ಮಾಡೇನಿ, ಮದಾಮ್ ಅವ್ರು ಇರಾಂಗಿಲ್ಲಂತ. ತಿನ್ರಿ ಅಕ್ಕೋರ, ಭಾಳ ಸೊರಗೀರಿ.”

ಬಸ್ಸಿನಲ್ಲೇ ತಿಂದೆ. ಎಲ್ಲ ಕಾಯಿಪಲ್ಯ, ಹಸಿಕಾಳು, ಮಜ್ಜಿಗೆ ಕೂಡಿ ಬೆಂದ ಆ ಭಜ್ಜಿಗೆ ನನ್ನ ತಾಯಿಯ ಕೈರುಚಿ ಇತ್ತು. ಅದಕ್ಕೂ ಸಿಟ್ಟು ಬಂತು.

ನಮ್ಮ ಕಡೆ ಒಬ್ಬರ ಮನೆಯಿಂದ ಬಂದ ಡಬ್ಬಿಯನ್ನು ಖಾಲಿ ತಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ, ಒಂದು ತುಣುಕು ಬೆಲ್ಲ. ಬಡವರು ಶ್ರೀಮಂತರು ಎಂದಿಲ್ಲ, ಜಗಳವಾಡಿದವರೂ ಇಷ್ಟನ್ನು ಬಿಡುವುದಿಲ್ಲ. ಖಾಲಿ ಡಬ್ಬಿ ಬಂದರೆ ಇನ್ನು ಕೊಡುವ ತೆಗೆದುಕೊಳ್ಳುವ ಮಾತು ಮುಗಿಯಿತು ಎಂದರ್ಥ. ನಾನು ಮರೆತೆ ಎಂದು ಹೇಳಬಹುದು. ಮರೆಯಲಿಲ್ಲ. ಮುಂದಿನ ಭಾನುವಾರ ಹೊರಡುವ ಮುನ್ನ ಡಬ್ಬಿಗೆ ಸಕ್ಕರೆ ಹಾಕಿದೆ. ಮುಚ್ಚಳ ಹಾಕುವಾಗ ಆ ನಗು ನೆನಪಾಯಿತು. ಸಕ್ಕರೆಯನ್ನು ಮತ್ತೆ ಭರಣಿಗೆ ಸುರುವಿದೆ, ಡಬ್ಬಿಯನ್ನು ಲಕಲಕ ತೊಳೆದು ಒರೆಸಿ ಚೀಲಕ್ಕೆ ಹಾಕಿಕೊಂಡೆ.

ಅವಳು ಡಬ್ಬಿ ಇಸಿದುಕೊಂಡು ಮುಚ್ಚಳ ತೆಗೆದಳು. ಒಳಗೆ ನೋಡಿದಳು. ನನ್ನನ್ನು ನೋಡಲಿಲ್ಲ. ಮುಚ್ಚಳ ಹಾಕಿ ಡಬ್ಬಿಯನ್ನು ಗೋಡೆಯ ಮಾಡದಲ್ಲಿ ಬೋರಲು ಇಟ್ಟು, ಹೊಸ್ತಿಲ ಮೇಲೆ ಬಂದು ಕುಳಿತಳು.

ಆ ದಿನದ ಹಾಳೆಯೂ ಹೇಳಿಕೊಳ್ಳುವಂಥದ್ದಾಗಿರಲಿಲ್ಲ. ತಿದ್ದುವ ಬದಲು ಇನ್ನಷ್ಟು ಪಾಂಡಿತ್ಯ ತುಂಬಿದ್ದೆ, ಇವಳಿಗೆ ತಿಳಿಯದ ಕನ್ನಡ ಎಷ್ಟಿದೆ ಎಂದು ತೋರಿಸುವ ಹಟಕ್ಕೆ. ಮೊದಲ ವಾಕ್ಯ ಓದಿದೆ.

“ತಿಳೀಲಿಲ್ರಿ” ಎಂದಳು.

ಎರಡನೆಯದೂ ತಿಳಿಯಲಿಲ್ಲ, ಮೂರನೆಯದೂ ಇಲ್ಲ. ನಾಲ್ಕನೆಯದು ಸಾದಾ ಮಾತು, ಹುಡುಗ ಪುಸ್ತಕ ವಾಪಸ್ ಕೊಟ್ಟ ಎಂದು. ಅದೂ ತಿಳಿಯಲಿಲ್ಲ.

“ಇದರಾಗ ತಿಳೀದಿರೂದೇನದ?” ಎಂದು ನಾನು ದನಿ ಏರಿಸಿದೆ.

“ನನಗೇನ್ ತಿಳೀತದ್ರಿ ಅಕ್ಕೋರ, ನಾ ರೊಟ್ಟಿ ಬಡಿಯಾಕಿ” ಎಂದು ಅವಳು ಎದ್ದು ಒಳಗೆ ಹೋದಳು. ಆಮೇಲೆ ಬಂದದ್ದು ಬರೀ ರೊಟ್ಟಿಯ ಸದ್ದು.

ಮುಂದಿನ ಭಾನುವಾರವೂ ಅದೇ ಉತ್ತರ. ಸಂಶೋಧಕಿ ಪೆನ್ನು ಕೆಳಗಿಟ್ಟು, ನಿಮ್ಮಿಬ್ಬರ ನಡುವೆ ಏನಾಗಿದೆಯೋ ನನಗೆ ಗೊತ್ತಿಲ್ಲ, ಆದರೆ ಅವಳಿಲ್ಲದೆ ನಿಮ್ಮ ಕನ್ನಡ ಏನು ಹೇಳುತ್ತದೆಂದು ನನಗೆ ಗೊತ್ತಾಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಶಿವರಾತ್ರಿಗೆ ಮುಂಚೆ ಅವರು ತಮ್ಮ ದೇಶಕ್ಕೆ ಹೊರಡುವವರಿದ್ದರು. ಅದೇ ವಾರ ಪ್ರಕಾಶಕರ ಫೋನು ಬಂತು. ಧಾರವಾಡದವರು ತಮ್ಮ ಇಪ್ಪತ್ತು ಹಾಳೆಯನ್ನು ಕೇಳದೆಯೇ ಕಳಿಸಿದ್ದರಂತೆ. ನಿಮ್ಮ ಒಂದು ಹಾಳೆಗಾಗಿ ಎಷ್ಟು ದಿನ ಕಾಯಲಿ ಮೇಡಂ ಎಂದರು. ಹತ್ತೊಂಬತ್ತು ಸಾಲದೆ ಎಂದು ಕೇಳಿದೆ. ಇಪ್ಪತ್ತು ಅಂದರೆ ಇಪ್ಪತ್ತು ಎಂದರು.

ಬೇರೆ ದಾರಿ ಹುಡುಕಿದೆ. ಹೈದರಾಬಾದಿನ ನನ್ನ ಹಳೆಯ ಶಿಕ್ಷಕರಿಗೆ ಹಾಳೆ ಕಳಿಸಿದೆ. ಫ್ರೆಂಚ್ ಚೊಕ್ಕಟವಾಗಿದೆ, ಕನ್ನಡ ನನಗೆ ಬಾರದು ಎಂದು ಬರೆದರು. ಇನ್ನೊಂದು ಕ್ರಿಯಾಪದ ಆರಿಸಿಕೊಳ್ಳಲೇ ಎಂದು ಯೋಚಿಸಿದೆ. ಆದರೆ ಅದನ್ನೂ ಅದೇ ಹೊಸ್ತಿಲ ಮುಂದೆ ಓದಬೇಕಿತ್ತು. ಸುತ್ತಿಬಳಸಿ ಎಲ್ಲವೂ ಆ ಡಬ್ಬಿಗೇ ಬಂದು ನಿಲ್ಲುತ್ತಿತ್ತು.

ಸಂಶೋಧಕಿ ನಾಲ್ಕು ದಿನ ಕೆಲಸದ ಮೇಲೆ ವಿಜಯಪುರಕ್ಕೆ ಹೋದಾಗ ಅಡುಗೆಯವಳು ತನ್ನ ಊರಿಗೆ ಹೋದಳು. ನಾನು ಕಾಲೇಜಿಗೆ ರಜೆ ಹಾಕಿ ಸುರಪುರದ ಬಸ್ಸು ಹತ್ತಿದೆ. ಅಲ್ಲಿಂದ ಕಕ್ಕೇರಾ, ಕಕ್ಕೇರಾದಿಂದ ಟಂಟಂನಲ್ಲಿ ಹೊಳೆಯ ಕಡೆ. ಬೆಲ್ಲವೋ ಸಕ್ಕರೆಯೋ ಒಯ್ಯಬೇಕೆಂದು ಸುರಪುರದ ಕಿರಾಣಿ ಅಂಗಡಿಯ ಮುಂದೆ ಬಹಳ ಹೊತ್ತು ನಿಂತೆ. ಒಯ್ಯಲಿಲ್ಲ. ಖಾಲಿ ಕೊಟ್ಟದ್ದರ ಮೇಲೆ ಆಮೇಲೆ ತಂದು ಸುರಿದರೆ ಅದು ಲಂಚವಾಗುತ್ತದೆ, ನಮ್ಮ ಜನ ಅದನ್ನು ಮುಟ್ಟುವುದಿಲ್ಲ.

ಅವಳ ಗಂಡ ಬೇವಿನ ಕೆಳಗೆ ಬಲೆ ಹೊಲಿಯುತ್ತ ಕುಳಿತಿದ್ದ. “ಬರ್ರಿ ಅಕ್ಕೋರ, ಬರ್ರಿ, ಬಿಸಲಾಗ ಬಂದೀರಿ” ಎಂದು ಚಾಪೆ ಹಾಸಿದ. ಅವಳು ಬಾಗಿಲಲ್ಲಿ ನಿಂತು ನೋಡಿದಳು. ಬಾ ಎನ್ನಲಿಲ್ಲ, ಯಾಕೆ ಬಂದಿರಿ ಎಂದೂ ಕೇಳಲಿಲ್ಲ.

ದಾರಿಯುದ್ದಕ್ಕೂ ಒಂದು ಒಳ್ಳೆಯ ಮಾತು ಜೋಡಿಸಿಕೊಂಡು ಬಂದಿದ್ದೆ. ಅದು ಬಾಯಿಗೆ ಬರಲಿಲ್ಲ.

“ತಂಗಿ, ಹಸಿವಾಗ್ಯಾದ” ಎಂದೆ.

ಅವಳು ಒಳಗೆ ಹೋಗಿ ತಾಟು ತಂದಳು. ಜೋಳದ ರೊಟ್ಟಿ, ಮೀನಿನ ಸಾರು. ನಾನು ತಲೆ ಎತ್ತದೆ ಉಂಡೆ. ಅವಳ ಗಂಡ ಬಲೆಯನ್ನು ಎತ್ತಿಕೊಂಡು ಹೊಳೆಯ ಕಡೆ ಹೋದ, ಅವನಿಗೆ ಏನೋ ಗೊತ್ತಿದ್ದಂತಿತ್ತು. ಕೈ ತೊಳೆದ ಮೇಲೆ, ಉಣ್ಣುತ್ತಲೇ ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡ ಒಂದೇ ಒಂದು ಮಾತನ್ನು ಹೇಳಿದೆ.

“ಮನಿಗಿ ಒಂದು ಡಬ್ಬಿ ಕಟ್ಟಿ ಕೊಡು.”

ಕಾಲೇಜಿನ ಮೇಡಂ ಒಬ್ಬಳು ಯಾರದೋ ಮನೆಗೆ ಕರೆಯದೆ ಬಂದು, ಉಂಡು, ಮೇಲೆ ಕಟ್ಟಿಕೊಡು ಎಂದು ಕೇಳುವುದು ನಮ್ಮ ಕಡೆ ನಾಚಿಕೆಗೇಡು. ಅದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳು ಒಳಗಿನಿಂದ ಡಬ್ಬಿ ತಂದಳು, ವನದುರ್ಗದಿಂದ ಊರಿಗೆ ಒಯ್ದಿದ್ದ ಅದೇ ಡಬ್ಬಿ.

“ವಾಪಸ್ ಕೊಡ್ತೀರಿ?”

“ಕೊಡ್ತೇನಿ.”

“ಹೆಂಗ ಕೊಡ್ತೀರಿ?”

“ಹೆಂಗ ಕೊಡಬೇಕೋ ಹಂಗ. ಅವತ್ತ ತಪ್ಪು ಮಾಡೇನಿ.”

ಯಾಕೆ ಮಾಡಿದಿರಿ ಎಂದು ಕೇಳುತ್ತಾಳೇನೋ ಎಂದು ಹೆದರಿದ್ದೆ. ಕೇಳಲಿಲ್ಲ. ಡಬ್ಬಿಯ ತುಂಬ ಶೇಂಗಾ ಹಿಂಡಿ ಒತ್ತಿ ಕೊಟ್ಟಳು. “ಬುಧವಾರ ವನದುರ್ಗಕ್ಕ ಬರ್ತೇನಿ. ನಿಮ್ಮ ಹಾಳಿ ತರ್ರಿ. ಆ ಸಾಮಂತನ್ನ ಮನ್ಯಾಗ ಬಿಟ್ಟು ಬರ್ರಿ” ಎಂದಳು.

ಬುಧವಾರ ಡಬ್ಬಿಯಲ್ಲಿ ಶೇಂಗಾ ಉಂಡಿ ತುಂಬಿಕೊಂಡು ಹೋದೆ. ಅವಳು ಒಂದನ್ನು ಬಾಯಿಗೆ ಹಾಕಿಕೊಂಡು, “ಬೆಲ್ಲ ಜರ ಕಮ್ಮಿ ಆಗ್ಯಾದ” ಎಂದಳು. ಕೆಲಸ ಶುರುವಾಯಿತು.

ಈ ಸಲ ನಾನು ವಾಕ್ಯ ಬರೆದುಕೊಂಡು ಹೋಗಿರಲಿಲ್ಲ. ಬರೀ ಪದ ಇಟ್ಟೆ, ಇದನ್ನು ಮದಾಮ್ ಯಾವಾಗ ಯಾವಾಗ ಅಂತಾರೆ ಎಂದು ಕೇಳಿದೆ. ಅವಳು ರೊಟ್ಟಿ ಬಡಿಯುತ್ತ ನೆನಪಿಸಿಕೊಂಡಳು, ನಾನು ಒಲೆಯ ಹತ್ತಿರ ಬರೆದುಕೊಂಡೆ. ಸಂಜೆ ಕೋಟೆಯ ಬಾಗಿಲ ಕೀಲಿಕೈಯನ್ನು ಕಾವಲುಗಾರನಿಗೆ ತಿರುಗಿ ಕೊಡುವಾಗ ಅನ್ನುತ್ತಾರೆ. ಮಧ್ಯಾಹ್ನ ಕೋಟೆಯಿಂದ ಇಳಿದು ಬಂದು ಟೊಪ್ಪಿಗೆ ಎಸೆದು, ಈ ಬಿಸಿಲು ಹುಚ್ಚು ಹಿಡಿಸುತ್ತದೆ ಎನ್ನುವಾಗ ಇದೇ ಪದ. ಇಲ್ಲಿ ಕೊಡುವುದೂ ಇಲ್ಲ, ಮರಳುವುದೂ ಇಲ್ಲ, ಕನ್ನಡದಲ್ಲಿ ಅದಕ್ಕೆ ‘ಹಿಡಿಸು’ ಸಾಕು. ತಾಯಿಯನ್ನು ನೋಡಿಬರಲು ಊರಿಗೆ ಹೋಗುತ್ತೇನೆ ಎನ್ನುವಾಗಲೂ ಇದು ಬರುತ್ತದೆ, ಭೇಟಿಯನ್ನು ಅವರು ‘ಕೊಡುತ್ತಾರೆ’.

“ಇನ್ನೊಂದದ” ಎಂದು ಅವಳು ದನಿ ತಗ್ಗಿಸಿದಳು. “ಮೊದಲ ವರ್ಸ ಬಂದಿದ್ನಲ್ಲ ಒಬ್ಬ ಉದ್ದನ್ನ ಮನಷ್ಯಾ, ನನ್ನ ಕೆಂಪು ಖಾರ ತಿಂದು ಎಲ್ಲಾ ಕಕ್ಕಿಬಿಟ್ಟ. ಅವತ್ತೂ ಮದಾಮ್ ಇದನ್ನಽ ಅಂದ್ರು, ಇಲ್ ಅ ತು ರಾಂದ್ಯು.”

ಆ ಅರ್ಥ ನನ್ನ ನಿಘಂಟಿನಲ್ಲಿ ಇತ್ತು. ಅಸಹ್ಯವೆಂದು ನಾನೇ ಬಿಟ್ಟಿದ್ದೆ. ಅವಳು ಅದನ್ನು ಕೇಳಿ ಕಲಿತಿದ್ದಳು, ಬಳಿದು ಸ್ವಚ್ಛ ಮಾಡಿಯೂ ಇದ್ದಳು. ಬರೆದುಕೊಂಡೆ.

ರೂಪಗಳ ಪಟ್ಟಿಯನ್ನು ಅವಳಿಗೆ ಓದಿ ಹೇಳಿದೆ. ‘ಅವರು’ ರೂಪದಲ್ಲಿ ದಕಾರ ಕೇಳಿಸುವುದನ್ನು ಅವಳು ಎಂದೋ ಗಮನಿಸಿದ್ದಳು, ಏಕೆ ಎಂದು ಗೊತ್ತಿರಲಿಲ್ಲ. ನಾನು ಹೇಳಿದಾಗ ಕಣ್ಣರಳಿಸಿ ಎರಡು ಸಲ ತಾನೇ ಅಂದು ನೋಡಿದಳು. ಅದೊಂದು ಗಳಿಗೆ ನನಗೆ ಬಹಳ ಹಿತವಾಯಿತು. ಆಮೇಲೆ ಸಾಹಿತ್ಯದ ಭೂತಕಾಲಕ್ಕೆ ಬಂದೆ.

“ಇದು ನಾ ಕೇಳೇ ಇಲ್ಲ. ಯಾರು ಆಡ್ತಾರ್ರಿ ಇದನ್ನ?”

“ಯಾರೂ ಆಡೂದಿಲ್ಲ. ಪುಸ್ತಕದಾಗ ಇರ್ತದ.”

“ಇರ್ಲಿ ಬಿಡ್ರಿ ಪಾಪ, ಅಲ್ಲೇ ಇರ್ಲಿ” ಎಂದಳು.

ಮೂಲದ ಕತೆ ಹೇಳಿದೆ. ಕೊಡುವ ಪದಕ್ಕೆ ತೆಗೆದುಕೊಳ್ಳುವ ಪದದ ನಾದ ಹತ್ತಿದ್ದನ್ನು ನಾನು ಹಾಳೆಯಲ್ಲಿ ನಾಲ್ಕು ಸಾಲಿನ ಬದಲು ಒಂಬತ್ತು ಸಾಲು ಬರೆದಿದ್ದೆ. ಅವಳು ಕಾವಲಿಯ ಮೇಲಿನ ರೊಟ್ಟಿ ಮಗುಚಿ ಹಾಕಿ, “ಕೊಡೂದು ತಗೊಳ್ಳೂದು ಎರಡೂ ಒಂದೇ ಬಾಯಾಗ ಆಡಿದ್ರ ಹಂಗಽ ಆಗ್ತದಲ್ರಿ” ಎಂದಳು. ಒಂಬತ್ತು ಸಾಲು ಹೊಡೆದುಹಾಕಿ ಅದನ್ನು ಒಂದೂವರೆ ಸಾಲಿನಲ್ಲಿ ಬರೆದೆ. ಬರೆಯುವಾಗ ಮತ್ತೆ ಒಳಗೆ ಉರಿಯಿತು. ಈ ಹೆಂಗಸು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟಳೆಂದು ನನಗೆ ಮರುಕ ಬರಬೇಕಿತ್ತು. ಓದಿದ್ದರೆ ನನ್ನ ಗತಿ ಏನಾಗುತ್ತಿತ್ತು ಎಂಬ ಯೋಚನೆ ಬಂತು.

ಐದು ವಾಕ್ಯಗಳಾದವು, ಎಲ್ಲ ಅವಳವು. ಆರನೆಯದನ್ನು ನಾನೇ ಬರೆದೆ, ಅವಳಿಗೆ ತೋರಿಸಲಿಲ್ಲ.

ಭಾನುವಾರ ಸಂಶೋಧಕಿಯ ಎದುರು ಕುಳಿತು ಓದಿದೆ. ಒಂದರ ಹಿಂದೆ ಒಂದು ಐದಕ್ಕೂ ಗೀಟು ಬಿತ್ತು. ಕಕ್ಕಿದ ವಾಕ್ಯಕ್ಕೆ ಸಂಶೋಧಕಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಈ ಸಲ ನನಗೂ ಏಕೆಂದು ಗೊತ್ತಿತ್ತು. ಆರನೆಯದನ್ನು ಓದುವಾಗ ನಾನು ಹಾಳೆಯಿಂದ ಕಣ್ಣು ತೆಗೆಯಲಿಲ್ಲ.

“ಅವಳು ಮಾತಾಡುವುದನ್ನು ಕೇಳಿದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ.”

ಸಂಶೋಧಕಿ ಪೆನ್ನು ಹಿಡಿದು ಕಾಯುತ್ತಿದ್ದರು. ಅಡುಗೆಯವಳು ಅದನ್ನು ನಿಧಾನವಾಗಿ ಫ್ರೆಂಚಿನಲ್ಲಿ ಹೇಳಿದಳು. ಜಲೂಜ್, ಹೊಟ್ಟೆಕಿಚ್ಚಿನವಳು ಎಂಬ ಪದ ಅವಳಿಗೆ ಗೊತ್ತಿತ್ತು. ನನ್ನ ಹಾಳೆಯಲ್ಲಿ ಇದ್ದದ್ದಕ್ಕೂ ಅವಳು ಹೇಳಿದ್ದಕ್ಕೂ ಒಂದು ಪದದ ವ್ಯತ್ಯಾಸವಿರಲಿಲ್ಲ. ಸಂಶೋಧಕಿ ಗೀಟು ಹಾಕಿ ಹಾಳೆಯ ಕೆಳಗೆ ಸಹಿ ಮಾಡಿದರು.

ಹತ್ತು ದಿನಕ್ಕೆ ಪ್ರಕಾಶಕರ ಪತ್ರ ಬಂತು. ಪುಸ್ತಕ ನನ್ನದು. ಇನ್ನೂ ನೂರಮೂವತ್ತು ಹಾಳೆ, ಎಲ್ಲ ಇಪ್ಪತ್ತನೆಯ ಹಾಳೆಯ ಹಾಗೆ ಇರಬೇಕು ಎಂದು ಬರೆದಿದ್ದರು. ಅದು ಯಾರ ಹಾಳೆ ಎಂದು ಅವರಿಗೆ ಗೊತ್ತಿರಲಿಲ್ಲ. ನಾನು ಫೋನು ಮಾಡಿ, ಇಬ್ಬರು ಕೂಡಿ ಮಾಡಿದ್ದು, ಇನ್ನೊಬ್ಬಳು ಅಡುಗೆ ಮಾಡುವವಳು ಎಂದು ಹೇಳಿದೆ. ಹೇಳುವಾಗಲೇ ಅವರು ಒಪ್ಪದಿರಲಿ ಎಂದು ಒಳಗೊಳಗೆ ಆಸೆ ಇತ್ತು.

“ಅಡಗಿಯವರ ಹೆಸರು ಮುಖಪುಟದ ಮ್ಯಾಲ ಯಾಕ್ರಿ ಮೇಡಂ? ಒಳಗ ಕೃತಜ್ಞತಿ ಪುಟದಾಗ ಒಂದು ಸಾಲು ಹಾಕೋಣ, ಅವರಿಗೂ ಖುಷಿ” ಎಂದರು.

ನಾನು ನಾಲ್ಕು ದಿನ ಉತ್ತರ ಕೊಡಲಿಲ್ಲ. ಆ ನಾಲ್ಕೂ ದಿನ ಸುಖವಾಗಿದ್ದೆ, ಸುಳ್ಳೇಕೆ ಹೇಳಲಿ. ಕೃತಜ್ಞತೆಯ ಸಾಲನ್ನು ಮೂರು ಬಗೆಯಲ್ಲಿ ಬರೆದೂ ನೋಡಿದೆ, ಮೂರೂ ಚೆನ್ನಾಗಿದ್ದವು. ಐದನೆಯ ದಿನ ಕಾಲೇಜಿನ ವರಾಂಡದಲ್ಲಿದ್ದಾಗ ಅವಳ ಫೋನು ಬಂತು. ಮದಾಮ್ ಹೊರಡುವ ಮುನ್ನ ಹೊಸ ಕ್ರಿಯಾಪದವೊಂದನ್ನು ಹತ್ತು ಸಲ ಅಂದರಂತೆ, ಮರೆಯುವ ಮುಂಚೆ ಬರೆದುಕೊಳ್ಳಿ ಎಂದಳು. ಹೇಳಿ ಮುಗಿಸಿ, “ಮತ್ತ ನಮ್ಮ ಬುಕ್ಕು ಎಲ್ಲೀತನ ಬಂತ್ರಿ ಅಕ್ಕೋರ?” ಎಂದು ಕೇಳಿದಳು.

ನಮ್ಮ ಎಂದಳು. ಸಹಜವಾಗಿ, ಕೇಳಿ ಪಡೆಯುವಂಥದ್ದೇನೂ ಇಲ್ಲ ಎಂಬಂತೆ. ನನಗೆ ಮೊದಲು ಬಂದದ್ದು ಸಿಟ್ಟು. ಆಮೇಲೆ ಭಯ. ಪುಸ್ತಕ ಬಿಡುಗಡೆಯ ದಿನ ಯಾರೋ ಒಬ್ಬರು ಫ್ರೆಂಚಿನಲ್ಲಿ ಏನೋ ಕೇಳುತ್ತಾರೆ, ಮುಖಪುಟದ ಮೇಲೆ ಒಬ್ಬಳೇ ಇರುವ ನಾನು ನಕ್ಕು ಹೌದು ಎನ್ನುತ್ತೇನೆ. ನಾನೇನೂ ದೊಡ್ಡ ಮನಸ್ಸು ಮಾಡಲಿಲ್ಲ. ಹೆದರಿಕೆ ಅರ್ಧ, ಆ ‘ನಮ್ಮ’ ಅರ್ಧ. ಅಂದೇ ಪ್ರಕಾಶಕರಿಗೆ ಬರೆದೆ: ಮುಖಪುಟದ ಮೇಲೆ ಎರಡು ಹೆಸರು, ಒಂದೇ ಅಳತೆಯ ಅಕ್ಷರ, ಇಲ್ಲವಾದರೆ ಧಾರವಾಡದವರಿಗೆ ಕೊಡಿ. ಅವರು ಒಪ್ಪಿದರು.

ಉಳಿದ ಹಾಳೆಗಳಿಗೆ ಒಂದು ವರ್ಷ ಹಿಡಿಯಿತು. ಬೇಸಿಗೆಯಲ್ಲಿ ಹೊಳೆದಂಡೆಯ ಅವಳ ಮನೆಯಲ್ಲಿ, ಚಳಿಗಾಲದಲ್ಲಿ ವನದುರ್ಗದಲ್ಲಿ. ಜಗಳ ಮೂರು ಸಲ ಆಯಿತು, ಎರಡರಲ್ಲಿ ಅವಳದೇ ಸರಿ.

ಮುಖಪುಟದ ಕರಡು ಬಂದಾಗ ಅದನ್ನು ಹಿಡಿದುಕೊಂಡು ಅವಳ ಊರಿಗೆ ಹೋದೆ. ತಪ್ಪಿದ್ದರೆ ಗುರುತು ಹಾಕಿ ಮರುದಿನವೇ ಕಳಿಸಬೇಕಿತ್ತು, ಅದಕ್ಕೆ ಕೆಂಪು ಪೆನ್ನು ಕೈಯಲ್ಲೇ ಇತ್ತು. ಇಬ್ಬರು ಲೇಖಕರಿದ್ದರೆ ಆ ಪ್ರಕಾಶಕರು ವರ್ಣಮಾಲೆಯ ಕ್ರಮದಲ್ಲಿ ಹೆಸರು ಹಾಕುತ್ತಾರೆ, ಅದು ಅವರ ಪದ್ಧತಿ. ಅವಳ ಹೆಸರು ಸ್ವರದಿಂದ ಶುರುವಾಗುತ್ತದೆ. ನನ್ನದು ಬಹಳ ಹಿಂದೆ, ಶ ಷ ಸ ಹ ಇರುವ ಕಡೆ.

ಅವಳು ಕರಡನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ತನ್ನ ಹೆಸರನ್ನು ಎರಡು ಸಲ ಓದಿದಳು. ಆಮೇಲೆ ನನ್ನದನ್ನು ಓದಿದಳು. ಹುಬ್ಬು ಗಂಟಿಕ್ಕಿತು.

“ಅಕ್ಕೋರ, ನಂದು ಮ್ಯಾಲ ಬಂದದ. ತಪ್ಪಾಗ್ಯಾದ ನೋಡ್ರಿ.”

ಹೂಂ ಎಂದರೆ ಸಾಕಿತ್ತು. ಒಂದು ಗೀಟು, ಎರಡು ಬಾಣದ ಗುರುತು. ಅವಳು ಎಂದೆಂದಿಗೂ ಏನೂ ಅಂದುಕೊಳ್ಳುತ್ತಿರಲಿಲ್ಲ.

“ತಪ್ಪಾಗಿಲ್ಲ” ಎಂದೆ. “ಬರಾಬರ್ ಅದ.”

ಅವಳು ನನ್ನ ಮುಖ ನೋಡಿದಳು, ಆಮೇಲೆ ಕೈ ನೋಡಿದಳು.

“ನಿಮಗ ಏನೂ ಅನಸೂದಿಲ್ಲೇನ್ರಿ?”

“ಅನಸ್ತದ. ಹೊಟ್ಟಿ ಉರೀತದ.”

“ಭಾಳ?”

“ಭಾಳ.”

“ಹಂಗಾದ್ರ ಮೊದ್ಲ ಆ ಪೆನ್ನು ಚೀಲದಾಗ ಇಡ್ರಿ” ಎಂದಳು.

ಇಟ್ಟೆ.